ಐದು ಬಾಟಲಿ ಎಣ್ಣೆಯ ಸ್ಪೇನ್ ಆಮ್ಲೆಟ್

೧೯೯೦ನೇ ಇಸವಿಯಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ತರಗತಿ, ಅರ್ಧ ವರ್ಷದ ಪರೀಕ್ಷೆ ಮುಗಿದ ಮಾರನೇ ದಿನ. ನಿಲ್ಲಿಸಿದೆ ಎಂದರೆ ನಾನೇ ನಿಲ್ಲಿಸಿದೆ. ಯಾರೂ ಕತ್ತು ಹಿಡಿದು ಆಚೆಗೆ ತಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನದೆಲ್ಲ ಓದಿ, ಪಾಪ, ನಾಲ್ಕಕ್ಷರ ಕಲಿತಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನೀವು ಮರುಗಬಹುದು. ಮರುಗಬೇಡಿ. ಕಲಿತಿದ್ದರೂ ಹೀಗೇ ಆಗುತ್ತಿತ್ತು.

ಭೀಮನಬೀಡಿನಿಂದ ಗುಂಡ್ಲುಪೇಟೆಗೆ ಬಂದು ಹತ್ತು ವರ್ಷ ಬೇರೆಯವರ ಹೋಟೆಲಿನಲ್ಲಿ ಲೋಟ ತೊಳೆದೆ, ಈರುಳ್ಳಿ ಹೆಚ್ಚಿದೆ, ದೋಸೆ ಹುಯ್ದೆ. ಆಮೇಲೆ ನನ್ನದೇ ಒಂದು ತಳ್ಳುವ ಗಾಡಿ ಮಾಡಿಸಿಕೊಂಡು ಊಟಿ ರಸ್ತೆಯ ಪಕ್ಕದಲ್ಲಿ ಆಮ್ಲೆಟ್ ಹಾಕಲು ನಿಂತೆ. ಗಾಡಿ ಬಂದ ವರ್ಷವೇ ಮಗಳೂ ಹುಟ್ಟಿದಳು. ಆದ್ದರಿಂದ ಗಾಡಿಯ ಮುಂದೆ ಕೆಂಪು ಅಕ್ಷರದಲ್ಲಿ 'ಪವಿತ್ರ ಆಮ್ಲೆಟ್ ಸೆಂಟರ್' ಎಂದು ಬರೆಸಿದೆ. ಪಕ್ಕದಲ್ಲಿ ಒಂದು ಕೋಳಿ. ಬರೆಯುವವನ ಕೈ ಸರಿಯಿರಲಿಲ್ಲ, ಕೋಳಿ ನವಿಲಿನ ಹಾಗೆ ಬಂತು. ಆದರೂ ಇಪ್ಪತ್ನಾಲ್ಕು ವರ್ಷದಿಂದ ನಮ್ಮ ಮನೆಗೆ ಅನ್ನ ಹಾಕಿರುವುದು ಅದೇ ನವಿಲು.

ಆ ಗಾಡಿಯ ಮೇಲೆ ನಾನು ಒಡೆದ ಮೊಟ್ಟೆಗಳನ್ನು ಸಾಲಾಗಿ ಇಟ್ಟರೆ ಇಲ್ಲಿಂದ ಹೊರಟು ಚಾಮರಾಜನಗರ ಮುಟ್ಟಿ ವಾಪಸ್ಸು ಬರಬಹುದು. ಒಂದು ಕೈಯಲ್ಲಿ ಮೊಟ್ಟೆ ಒಡೆಯುತ್ತಾ ಇನ್ನೊಂದು ಕೈಯಲ್ಲಿ ಚಿಲ್ಲರೆ ಕೊಡಬಲ್ಲೆ. ಕೇರಳದ ಲಾರಿ ಡ್ರೈವರುಗಳು ಚೆಕ್‌ಪೋಸ್ಟ್ ದಾಟುವ ಮೊದಲು ನನ್ನ ಕೈಯ ಡಬಲ್ ಆಮ್ಲೆಟ್ ತಿಂದೇ ಹೋಗುತ್ತಾರೆ. ಮನೆ ಕಟ್ಟಿದ್ದು ಮೊಟ್ಟೆಯಿಂದ. ಮಗಳನ್ನು ಬಿ.ಎಡ್. ಓದಿಸಿದ್ದು ಮೊಟ್ಟೆಯಿಂದ. ಇಂಥವನು ಒಂದು ಆಮ್ಲೆಟ್ಟಿನ ಮುಂದೆ ಸೋತು ಕೂತ ಎಂದರೆ ಯಾರಾದರೂ ನಂಬುತ್ತಾರೆಯೇ? ನಂಬುತ್ತಾರೆ. ಇಡೀ ಬೀದಿಯೇ ನೋಡಿದೆ!

ಮಗಳ ವಿಷಯ ಹೇಳಬೇಕು. ಪವಿತ್ರ ಚಿಕ್ಕವಳಿದ್ದಾಗ ನಾನು ಗಾಡಿ ಮುಚ್ಚಿ ಬರುವ ತನಕ ಜಗಲಿಯ ಮೇಲೆ ಕಾದಿರುತ್ತಿದ್ದಳು. ಕಾಗದದಲ್ಲಿ ಸುತ್ತಿ ತಂದ ಆಮ್ಲೆಟ್ಟನ್ನು ನಾನೇ ಚೂರು ಮಾಡಿ ಬಾಯಿಗೆ ಇಡಬೇಕು. ಬೇರೆ ಯಾರು ಇಟ್ಟರೂ ಆಗದು. ಎಂಟನೇ ತರಗತಿಗೆ ಹೋದ ವರ್ಷ ಒಂದು ದಿನ, ನಾನಿನ್ನು ಮೊಟ್ಟೆ ತಿನ್ನುವುದಿಲ್ಲ ಎಂದಳು. ಕಾರಣವನ್ನು ಹೆಂಡತಿ ಮಹದೇವಮ್ಮ ಆಮೇಲೆ ಹೇಳಿದಳು. ಹೈಸ್ಕೂಲಿನಲ್ಲಿ ಹುಡುಗಿಯರು ಅವಳನ್ನು 'ಆಮ್ಲೆಟ್ ಪವಿತ್ರ' ಎಂದು ಕರೆಯುತ್ತಿದ್ದರಂತೆ. ಸಮವಸ್ತ್ರ ಈರುಳ್ಳಿ ನಾತ ಹೊಡೆಯುತ್ತದೆ ಎಂದು ಒಬ್ಬಳು ಬೆಂಚು ಬದಲಾಯಿಸಿದಳಂತೆ. ನಾನು ಜೋರಾಗಿ ನಕ್ಕೆ. ಅವಳ ಅಪ್ಪನೇ ನಾಳೆ ಬಂದು ಎರಡು ಡಬಲ್ ತಿಂದು ಹೋಗುತ್ತಾನೆ, ಹಾಗಂತ ಹೇಳು ಎಂದೆ. ಆವತ್ತು ನಗಬಾರದಾಗಿತ್ತು. ಆ ದಿನದಿಂದ ಅವಳು ನನ್ನ ಕೈಯಿಂದ ಒಂದು ಚೂರನ್ನೂ ತಿಂದಿಲ್ಲ.

ಹೋಗಲಿ, ಮೊಟ್ಟೆ ಬಿಟ್ಟವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮದುವೆಯಾಗಿ ಚಾಮರಾಜನಗರಕ್ಕೆ ಹೋದಳು. ಅಲ್ಲೇ ಒಂದು ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಅಳಿಯ ಕುಮಾರ ಕಚೇರಿಯೊಂದರಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ. ಮದುವೆಯಾದ ಎಂಟನೇ ತಿಂಗಳು, ಗಾಡಿಯ ಹತ್ತಿರ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನ್ ತೆಗೆದು ಮಗಳ ಸ್ಟೇಟಸ್ ನೋಡುತ್ತೇನೆ: ಮೈಸೂರಿನ ಯಾವುದೋ ಹೋಟೆಲು, ಗಂಡ ಹೆಂಡತಿ, ಮುಂದೆ ಬಿಳಿ ತಟ್ಟೆ, ತಟ್ಟೆಯಲ್ಲಿ ಕೇಕಿನ ಹಾಗೆ ಹಳದಿಯ ಒಂದು ತುಂಡು. ಕೆಳಗೆ ಇಂಗ್ಲಿಷು. ಪಕ್ಕದ ಮೊಬೈಲ್ ಅಂಗಡಿಯವನಿಗೆ ತೋರಿಸಿದೆ.

"ಸ್ಪ್ಯಾನಿಷ್ ಆಮ್ಲೆಟ್ ಅಂತೆ ಕಣಣ್ಣ," ಎಂದ. "ಮೈ ಫೇವರಿಟ್ ಅಂತ ಹಾಕವ್ಳೆ."

ಆ ಫೋಟೋವನ್ನು ನನ್ನ ಫೋನಿನಲ್ಲೇ ಉಳಿಸಿಕೊಡು ಎಂದೆ. ಉಳಿಸಿಕೊಟ್ಟ. ಮಗಳ ಫೋಟೋ ಮೇಲೆ ಅಪ್ಪನಿಗೆ ಎಷ್ಟು ಪ್ರೀತಿ ಎಂದುಕೊಂಡಿರಬೇಕು.

ಪ್ರೀತಿಯಲ್ಲ, ಉರಿ. ಗುಂಡ್ಲುಪೇಟೆಯ ಮೊಟ್ಟೆ ಬೇಡವಾದವಳಿಗೆ ಸ್ಪೇನಿನ ಮೊಟ್ಟೆ ಆಗುತ್ತದೆ! ಸ್ಪೇನ್ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಏಳನೇ ತರಗತಿಯ ಎರಡನೇ ಅರ್ಧದಲ್ಲಿ ಬರುತ್ತಿತ್ತೇನೋ. ಆದರೆ ಅಲ್ಲಿಯ ಕೋಳಿ ಇಲ್ಲಿಯ ಕೋಳಿಗಿಂತ ಬೇರೆ ಕಡೆಯಿಂದ ಮೊಟ್ಟೆ ಇಡುವುದಿಲ್ಲ ಎಂಬುದು ಗೊತ್ತು. ಆ ಕ್ಷಣವೇ ತೀರ್ಮಾನವಾಯಿತು. ಸದರಿ ಸ್ಪ್ಯಾನಿಷ್ ಆಮ್ಲೆಟ್ಟನ್ನು ನಾನು ಮಾಡುವುದು. ಮಗಳು ನನ್ನ ಕೈಯಿಂದ ಒಂದೇ ಒಂದು ಚೂರು ತಿನ್ನುವುದು. ಅಷ್ಟೇ. ನನಗೆ ಬೇರೇನೂ ಬೇಡವಾಗಿತ್ತು.

ಮಹದೇವಮ್ಮನಿಗೆ ಹೇಳಿದೆ. "ಬುಡಿ ಅತ್ಲಾಗೆ," ಎಂದಳು. "ಗಂಡನ ಜೊತೆ ಓಗಿ ಏನೋ ತಿಂದವಳೆ. ನಿಮ್ಗ್ಯಾಕೆ ಒಟ್ಟೆನೋವು."

ಭಾನುವಾರ ಮಗಳು, ಅಳಿಯ, ಜೊತೆಗೆ ಬೀಗಿತ್ತಿ ಊಟಕ್ಕೆ ಬರುವವರಿದ್ದರು. ಬೀಗಿತ್ತಿ ಎಂದರೆ ಅಳಿಯನ ತಾಯಿ. ಚಂದಕವಾಡಿ ಕಡೆಯವರು, ನಮ್ಮ ಮನೆಗೆ ಇದೇ ಮೊದಲ ಸಲ. ಹೆಣ್ಣು ನೋಡುವ ಶಾಸ್ತ್ರವೆಲ್ಲ ಚಾಮರಾಜನಗರದಲ್ಲಿ ನನ್ನ ಭಾಮೈದನ ಮನೆಯಲ್ಲೇ ನಡೆದಿತ್ತು, ಅವನ ಮನೆಗೆ ಟೈಲ್ಸ್ ಇದೆ ಎಂದು. ಶನಿವಾರ ಬೆಳಿಗ್ಗೆ ಪವಿತ್ರ ಫೋನ್ ಮಾಡಿದಳು. ಅಪ್ಪ ಹೇಗಿದ್ದೀಯ, ಬಿಸಿಲು ಜಾಸ್ತಿಯಾ ಎಂದೆಲ್ಲ ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದಳು.

"ಅಪ್ಪ, ನಾಳೆ ಗಾಡಿ ಹಾಕ್ಬೇಡ. ಮನೆ ಹತ್ರ ಕಾಣ್ದಂಗೆ ಎಲ್ಲಾದ್ರೂ ನಿಲ್ಸು. ಅತ್ತೆಗೆ ಹೋಟೆಲ್ ಅಂತ ಹೇಳಿದೀವಿ."

ಆಗಲಿ ಕಣವ್ವ ಎಂದೆ. ಒಲೆ ಇದೆ, ತಿನ್ನುವವರಿದ್ದಾರೆ, ನೀರಿನ ಜಗ್ಗಿದೆ. ಹೋಟೆಲ್ ಎಂದರೆ ಸುಳ್ಳೇನಲ್ಲ. ನಾಲ್ಕು ಚಕ್ರ ಹೆಚ್ಚಿಗೆ ಇದೆ, ಅಷ್ಟೇ.

ಶನಿವಾರ ಮಧ್ಯಾಹ್ನ ಗಾಡಿಯ ಮೇಲೆ ಫೋನ್ ಒರಗಿಸಿಟ್ಟು ಸ್ಪ್ಯಾನಿಷ್ ಆಮ್ಲೆಟ್ ಮಾಡುವ ವಿಡಿಯೋ ಹಾಕಿದೆ. ಒಬ್ಬ ಹೆಂಗಸು ಏನೇನೋ ಭಾಷೆಯಲ್ಲಿ ಮಾತಾಡುತ್ತಿದ್ದಳು. ಭಾಷೆ ಕಟ್ಟಿಕೊಂಡು ನನಗೇನು? ಕೈ ನೋಡಿದರೆ ಸಾಕು. ಆಲೂಗಡ್ಡೆ, ಈರುಳ್ಳಿ, ಮೊಟ್ಟೆ, ಎಣ್ಣೆ. ಹಸಿಮೆಣಸಿನಕಾಯಿ ಇಲ್ಲ. ಕೊತ್ತಂಬರಿ ಸೊಪ್ಪಿಲ್ಲ. ಕಾಳುಮೆಣಸೂ ಇಲ್ಲ. ಇದು ಆಮ್ಲೆಟ್ಟೋ ಜ್ವರದವರ ಪಥ್ಯವೋ! ನಡುವೆ ಇಬ್ಬರು ಗಿರಾಕಿಗಳು ಬಂದರು. ಅವರಿಗೆ ಹಾಕಿಕೊಟ್ಟು ತಿರುಗುವಷ್ಟರಲ್ಲಿ ಆ ಹೆಂಗಸು ಮುಂದೆ ಹೋಗಿದ್ದಳು. ನಡುವೆ ಏನು ಮಾಡಿದಳೋ ನೋಡಲಿಲ್ಲ. ಹಿಂದಕ್ಕೆ ಹಾಕಿ ನೋಡುವುದು ಅವಮಾನ ಎನಿಸಿತು. ಇಪ್ಪತ್ನಾಲ್ಕು ವರ್ಷ ಆಮ್ಲೆಟ್ ಹಾಕಿದವನು ಒಂದು ಆಮ್ಲೆಟ್ಟನ್ನು ಎರಡು ಸಲ ನೋಡಬೇಕೆ? ಕೊನೆಯಲ್ಲಿ ಬಾಣಲೆಯ ಮೇಲೆ ತಟ್ಟೆ ಬೋರಲು ಹಾಕಿ, ಎರಡನ್ನೂ ಸೇರಿಸಿ ಹಿಡಿದು ತಲೆಕೆಳಗು ಮಾಡಿದಳು. ಆಮ್ಲೆಟ್ ತಟ್ಟೆಗೆ ಬಂತು. ಇಷ್ಟೇ ತಾನೇ!

ಎಣ್ಣೆ ಮಾತ್ರ ಬೇರೆ. ಆಲಿವ್ ಎಣ್ಣೆಯೇ ಆಗಬೇಕೆಂದು ಮೊಬೈಲ್ ಅಂಗಡಿಯವನು ಹೇಳಿದ. ದಿನಸಿ ಅಂಗಡಿಯಲ್ಲಿ ಕೇಳಿದರೆ, ಅದು ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ ಎಂದರು. ನಮ್ಮ ಕಡೆ ಆಲಿವ್ ಎಣ್ಣೆಗೆ ಇರುವುದು ಒಂದೇ ಕೆಲಸ: ಹಸುಗೂಸಿನ ಮೈಗೆ ತಿಕ್ಕಿ ನೀರು ಹಾಕುವುದು. ಕೈಯಗಲದ ಬಾಟಲಿಯಲ್ಲಿ ಬರುತ್ತದೆ. ವಿಡಿಯೋದ ಹೆಂಗಸು ಆಲೂಗಡ್ಡೆ ಮುಳುಗುವಷ್ಟು ಸುರಿದಿದ್ದಳು. ನಾನು ಐದು ಬಾಟಲಿ ಕೇಳಿದೆ.

ಮೆಡಿಕಲ್ಲಿನವನು ನನ್ನ ಮುಖ ನೋಡಿದ. "ಐದು ಬಾಟ್ಲಾ? ಅವಳಿ ಜವಳಿನಾ ಅಣ್ಣ?"

ಆಮ್ಲೆಟ್ಟಿಗೆ ಎಂದು ಹೇಳಬಹುದಿತ್ತು. ಹೇಳಿದರೆ, ನೋಡ್ರಪ್ಪ, ಇಷ್ಟು ಬೆಲೆ ಎಣ್ಣೆಯಲ್ಲಿ ಮೊಟ್ಟೆ ಹುರಿಯುತ್ತಾನೆ ಎಂದು ಬಸ್ ನಿಲ್ದಾಣದ ತನಕ ನಗುತ್ತಾರೆ. ನನ್ನ ಗೌರವ ಏನಾಗಬೇಕು? ಗತ್ತಿನಿಂದ, "ಮಗಳು ಬತ್ತಾವಳೆ," ಎಂದಷ್ಟೇ ಹೇಳಿ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡೆ. ಅವನು ಒಂದು ನಿಪ್ಪಲ್ಲನ್ನು ಬಿಟ್ಟಿಯಾಗಿ ಕೊಟ್ಟ. ಯಾಕೆ ಕೊಟ್ಟ ಎಂದು ಆಗ ನಾನು ಯೋಚಿಸಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ಎರಡು ಸಲ ಸೋಪು ಹಚ್ಚಿ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟೆ. ಮಹದೇವಮ್ಮ ಕಾಳಿನ ಉಪ್ಸಾರು, ಮುದ್ದೆ, ಒಬ್ಬಟ್ಟಿಗೆ ತಯಾರಿ ನಡೆಸಿದ್ದಳು. ನಮ್ಮ ಅಡುಗೆಮನೆಯ ಮೂಲೆಯಲ್ಲೇ ಮಾದಪ್ಪನ ಫೋಟೋ, ದೀಪ. ಆದ್ದರಿಂದ ಮೊಟ್ಟೆ ಹೊಸಿಲು ದಾಟಕೂಡದು ಎಂಬುದು ಅವಳ ಕಾಯಿದೆ. ಮೊಟ್ಟೆ ಮುಟ್ಟಿದ ಕೈಯೂ ತೊಳೆಯದೆ ದಾಟಕೂಡದು. ಈ ಕಾಯಿದೆಗೆ ತಿದ್ದುಪಡಿ ಇಲ್ಲ.

ಹಾಗಾದರೆ ಹಿತ್ತಲಿನಲ್ಲಿ ಮಾಡುತ್ತೇನೆ, ಗಾಡಿ ಅಲ್ಲಿಗೇ ತರುತ್ತೇನೆ ಎಂದೆ. ಗಾಡಿ ಯಾರಿಗೂ ಕಾಣದ ಹಾಗೂ ಆಯಿತು, ಅಡುಗೆಯೂ ಆಯಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ನಮ್ಮ ಮನೆಗೂ ಪಕ್ಕದ ಪುಟ್ಟತಾಯಮ್ಮನ ಕಾಂಪೌಂಡಿಗೂ ನಡುವೆ ಒಂದು ಸಂದಿ ಇದೆ. ಗಾಡಿಯ ಅಗಲ ನನಗೆ ಅಂಗೈಯಷ್ಟು ಪರಿಚಯ. ಹಿಡಿ ಹಿಡಿದು ಹಿಂದು ಹಿಂದಕ್ಕೆ ಎಳೆದುಕೊಂಡು ಸಂದಿಗೆ ನುಗ್ಗಿದೆ. ಅರ್ಧಕ್ಕೆ ಬಂದಾಗ ಕಿರ್ ಎಂದು ಶಬ್ದವಾಯಿತು. ಗಿರಾಕಿಗಳು ತಟ್ಟೆ ಇಟ್ಟುಕೊಳ್ಳಲಿ ಎಂದು ಹೋದ ವರ್ಷ ಎರಡೂ ಕಡೆ ಒಂದೊಂದು ಹಲಗೆ ಹೊಡೆಸಿದ್ದು ಆಗ ನೆನಪಾಯಿತು.

ಗಾಡಿ ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಒಳಗಡೆ ಸಂದಿಯಲ್ಲಿ ನಾನು. ಹೊರಗಡೆ ಬೀದಿಗೆ ಮುಖ ಮಾಡಿಕೊಂಡು ಕೆಂಪಗೆ 'ಪವಿತ್ರ ಆಮ್ಲೆಟ್ ಸೆಂಟರ್', ಪಕ್ಕದಲ್ಲಿ ನವಿಲು! ಯಾರೋ ದುಡ್ಡು ಕೊಟ್ಟು ಮನೆಯ ಬಗಲಿಗೆ ಅಂಗಡಿ ಕಟ್ಟಿಸಿದ ಹಾಗಿತ್ತು. ನಾನು ಬೀದಿಗೆ ಬರಬೇಕೆಂದರೆ ಅಡುಗೆಮನೆ ಹಾಯ್ದು ಬರಬೇಕು, ಇಲ್ಲವೆ ಗಾಡಿಯ ಅಡಿಯಲ್ಲಿ ತೆವಳಬೇಕು.

ಮಹದೇವಮ್ಮ ಬಂದು ನೋಡಿದಳು. ಬೈಯಲಿಲ್ಲ. ಹಳೆಯ ಬೆಡ್‌ಶೀಟೊಂದನ್ನು ತಂದು ಬೋರ್ಡಿನ ಮೇಲೆ ಇಳಿಬಿಟ್ಟು, ನಾಲ್ಕು ಕಲ್ಲು ಹೇರಿ ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಇನ್ನೂ ವಾಸಿಯಿತ್ತು.

ಇನ್ನು ತಡಮಾಡದೆ ಕೆಲಸಕ್ಕೆ ಕೈ ಹಚ್ಚಿದೆ. ನನ್ನ ಕಾವಲಿಗೆ ಅಂಚಿಲ್ಲ, ಅದರಲ್ಲಿ ಇದು ನಿಲ್ಲದು ಎಂದು ಸಿಹಿ ಅಂಗಡಿಯ ಸ್ನೇಹಿತನಿಂದ ಜಿಲೇಬಿ ಕರಿಯುವ ಚಪ್ಪಟೆ ಬಾಣಲೆಯನ್ನು ಎರವಲು ತಂದಿದ್ದೆ. ಆಲೂಗಡ್ಡೆ ಹೆಚ್ಚಿದೆ. ನಮ್ಮ ತಾಲ್ಲೂಕಿನ ಸಣ್ಣ ಈರುಳ್ಳಿ ಬಿಡಿಸಿದೆ. ವಿಡಿಯೋದ ಹೆಂಗಸು ಆರು ಮೊಟ್ಟೆ ಒಡೆದಿದ್ದಳು. ಆರು ಮೊಟ್ಟೆ ಎಂದರೆ ನನಗೆ ಮೂರು ಡಬಲ್. ಅದು ಲೆಕ್ಕಕ್ಕೇ ಇಲ್ಲ. ನಾನು ಟ್ರೇಯಲ್ಲಿ ಯೋಚಿಸುವವನು. ಒಂದು ಟ್ರೇಗೆ ಮೂವತ್ತು. ಮೂವತ್ತನ್ನೂ ಬಕೆಟ್ಟಿಗೆ ಒಡೆದೆ!

ಮೂರೂವರೆ ಬಾಟಲಿ ಎಣ್ಣೆಯಲ್ಲಿ ಆಲೂಗಡ್ಡೆ ಬೇಯುತ್ತಿದ್ದಾಗ ಇಡೀ ಬೀದಿ ಬಾಣಂತಿ ಕೋಣೆಯ ವಾಸನೆ ಹೊಡೆಯಿತು. ಹೊಗೆ ಸಂದಿಯಲ್ಲಿ ನಿಂತು ನನ್ನ ಕಣ್ಣು ಸುಟ್ಟಿತು. ತಲೆಗೆ ಟವಲ್ ಸುತ್ತಿಕೊಂಡೆ. ಬೆಂದ ಆಲೂಗಡ್ಡೆಯನ್ನು ಮೊಟ್ಟೆಗೆ ಸುರಿದು ಕಲಸಿ ಮತ್ತೆ ಬಾಣಲೆಗೆ ಹುಯ್ದೆ. ಹುಯ್ಯುವ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಆಟೋ ನಿಂತಿತು. ಒಂದು ಗಂಟೆಗೆ ಬರಬೇಕಾದವರು ಹನ್ನೊಂದೂವರೆಗೇ ಬಂದಿದ್ದರು.

ಬೀಗಿತ್ತಿ ಇಳಿದು, ಸಂದಿಯಲ್ಲಿ ಹೊಗೆಯ ನಡುವೆ ಟವಲ್ ಸುತ್ತಿಕೊಂಡು ನಿಂತಿದ್ದ ನನ್ನನ್ನು ಒಮ್ಮೆ ನೋಡಿ, ಮಹದೇವಮ್ಮನ ಕಡೆ ತಿರುಗಿದರು.

"ಅಡ್ಗೆಯವ್ರನ್ನ ಕರ್ಸಿದ್ದೀರಾ? ಬೀಗ್ರು ಎಲ್ಲಿ ಕಾಣ್ನಿಲ್ವಲ್ಲ?"

ಮಹದೇವಮ್ಮ ಹೊಗೆಯ ಕಡೆ ಕೈ ತೋರಿಸಿದಳು. ನಾನು ಹೊಗೆಯೊಳಗಿನಿಂದ ಕೈ ಮುಗಿದೆ.

ಪವಿತ್ರ ಆಟೋದ ಪಕ್ಕದಲ್ಲೇ ನಿಂತುಬಿಟ್ಟಳು. ಬೆಡ್‌ಶೀಟಿನ ಕೆಳಗೆ ಏನಿದೆ ಎಂದು ಅವಳಿಗೆ ಬೋರ್ಡು ಓದಿ ತಿಳಿಯಬೇಕಿರಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಹಿಂದೆಯೂ ಕಂಡಿದ್ದೆ. ಎಂಟನೇ ತರಗತಿಯಲ್ಲಿದ್ದಾಗ ಶಾಲೆ ಬಿಟ್ಟು ಗೆಳತಿಯರ ಜೊತೆ ಗಾಡಿಯ ಮುಂದೆ ಹಾದು ಹೋಗುವಾಗ. ಆಗ ಮಗು ನಾಚಿಕೆ ಸ್ವಭಾವದ್ದು ಎಂದುಕೊಂಡಿದ್ದೆ.

ಈ ನಡುವೆ ತರಕಾರಿ ಮಾರುಕಟ್ಟೆಯ ಲೋಡಿಂಗ್ ನಂಜುಂಡ ಸೈಕಲ್ ನಿಲ್ಲಿಸಿದ. ಅವನು ನನ್ನ ಹದಿನೈದು ವರ್ಷದ ಗಿರಾಕಿ.

"ಅಣ್ಣ, ಅಂಗ್ಡಿ ಇಲ್ಲಿಗೇ ತಂದ್ಬುಟ್ಯ? ಒಳ್ಳೇದೇ ಆಯ್ತು ಬುಡು. ಒಂದು ಡಬಲ್ ಹಾಕು."

ಇವತ್ತು ರಜ, ಹೋಗು ಎಂದೆ. ಒಲೆ ಉರಿಯುತ್ತಿದೆ, ಗಾಡಿಯಲ್ಲಿ ಇನ್ನೊಂದು ಟ್ರೇ ಮೊಟ್ಟೆ ಇದೆ, ಯಾವ ಸೀಮೆ ರಜ ಎಂದು ಅವನು ನ್ಯಾಯ ಕೇಳಿದ. ಬಾಯಲ್ಲಿ ಇಲ್ಲ ಇಲ್ಲ ಎನ್ನುತ್ತಿದ್ದೆ. ಅಷ್ಟರಲ್ಲಿ ನನ್ನ ಕೈ ತನ್ನ ಪಾಡಿಗೆ ತಾನು ಪಕ್ಕದ ಒಲೆಯ ಕಾವಲಿಗೆ ಅವನ ಡಬಲ್ ಹಾಕಿತ್ತು. ಇಪ್ಪತ್ನಾಲ್ಕು ವರ್ಷ ಸಾಕಿದ ಕೈ; ನನ್ನ ಮಾತು ಕೇಳುವುದಿಲ್ಲ. ಕಾವಲಿ ಬೇಗ ಕಾಯಲಿ ಎಂದು ಅದೇ ಕೈ ಉರಿಯನ್ನೂ ದೊಡ್ಡದು ಮಾಡಿತು. ಎರಡು ಒಲೆಯದೂ ಒಟ್ಟಿಗೆ. ಸ್ಪೇನಿನದು ಸಣ್ಣ ಉರಿಯಲ್ಲಿ ಬೇಯಬೇಕಾದ ಪದಾರ್ಥ.

ಅದೇ ಸಮಯಕ್ಕೆ ಪುಟ್ಟತಾಯಮ್ಮ ತಮ್ಮ ಮನೆಯಿಂದ ಇಳಿದು ಬಂದರು. ಕೈಯಲ್ಲಿ ದೊಡ್ಡ ಹಿತ್ತಾಳೆ ಹರಿವಾಣ. ಅದರಲ್ಲಿ ಹೂವು, ಹಸಿರು ಬಳೆ, ಕುಂಕುಮ. ನೇರವಾಗಿ ಪವಿತ್ರಳ ಹತ್ತಿರ ಹೋಗಿ ಮುಡಿಗೆ ಹೂವಿಟ್ಟು, ಕೈಗೆ ಬಳೆ ಕೊಟ್ಟು, ಹಣೆಗೆ ಕುಂಕುಮ ಹಚ್ಚಿ ಬಾಯಿ ತುಂಬ ನಕ್ಕರು.

"ಎಷ್ಟು ತಿಂಗ್ಳಾಯ್ತಮ್ಮಿ? ಅವಳಿ ಅಂತ ಸ್ಕ್ಯಾನಿಂಗ್‌ನಲ್ಲೇ ಗೊತ್ತಾಯ್ತಾ?"

ಬೀಗಿತ್ತಿ ಸೊಸೆಯ ಮುಖ ನೋಡಿದರು, ಹೊಟ್ಟೆ ನೋಡಿದರು, ಮಗನ ಮುಖ ನೋಡಿದರು. "ನಂಗೇ ಯೋಳ್ನಿಲ್ವಲ್ಲ ಕಣಮ್ಮಿ," ಎಂದರು. ಕೋಪವಿರಲಿಲ್ಲ, ನೋವಿತ್ತು. ಪವಿತ್ರಳ ಮುಖ ಬೆಂದ ಈರುಳ್ಳಿಯ ಬಣ್ಣಕ್ಕೆ ತಿರುಗಿತು. ಏನೂ ಇಲ್ಲ ಅತ್ತೆ, ಯಾರು ಹೇಳಿದ್ದು ಎಂದು ತೊದಲಿದಳು. ಪುಟ್ಟತಾಯಮ್ಮ ಸಾಕ್ಷಿಗೆ ನನ್ನನ್ನೇ ತೋರಿಸಿದರು. ನಿಮ್ಮಪ್ಪನೇ ಮೆಡಿಕಲ್ಲಿನಲ್ಲಿ ಐದು ಬಾಟಲಿ ಎಣ್ಣೆ ತಂದರಲ್ಲಮ್ಮ, ಊರಿಗೆಲ್ಲ ಗೊತ್ತು ಎಂದರು. ಅಷ್ಟು ಹೇಳಿ ಖಾಲಿ ಹರಿವಾಣವನ್ನು ನನ್ನ ಗಾಡಿಯ ಅಂಚಿಗೆ ಇಟ್ಟು, ಬೀಗಿತ್ತಿಯ ಕೈ ಹಿಡಿದುಕೊಂಡು ಶುಭ ಹಾರೈಸಲು ಹೊರಟರು.

ಎಣ್ಣೆ ಮಗುವಿಗಲ್ಲ, ಆಲೂಗಡ್ಡೆಗೆ ಎಂದು ಸಂದಿಯಿಂದಲೇ ಕೂಗಿ ಹೇಳಿದೆ. ನನ್ನ ಜೀವನದಲ್ಲಿ ನಾನು ಆಡಿದ ಮಾತುಗಳಲ್ಲಿ ಇದಕ್ಕಿಂತ ನಿಜವಾದದ್ದು ಇಲ್ಲ, ಇದಕ್ಕಿಂತ ಯಾರೂ ನಂಬದ ಮಾತೂ ಇಲ್ಲ. "ಆಲೂಗಡ್ಡೆಗೆ ಎಣ್ಣೆ ಸ್ನಾನ ಮಾಡಿಸ್ತೀರಾ?" ಎಂದು ಪುಟ್ಟತಾಯಮ್ಮ ಕೇಳಿದರು. ಹೌದು ಎಂದೆ. ಅದನ್ನೇ ಮಾಡಿಸಿದ್ದೆ.

ಈ ವಿಚಾರಣೆ ಮುಗಿಯುವ ಮೊದಲೇ ಬಾಣಲೆಯಿಂದ ಕರಕಲು ವಾಸನೆ ಎದ್ದಿತು. ತಳ ಹತ್ತುತ್ತಿದೆ, ಮೇಲೆ ಇನ್ನೂ ನೀರು ನೀರು. ತಕ್ಷಣ ಮಗುಚಬೇಕು. ಅಷ್ಟಗಲದ ತಟ್ಟೆ ಬೇಕು, ಬಿಸಿ ಹಿಡಿಯಲು ಬಟ್ಟೆ ಬೇಕು. ಕೈಗೆ ಸಿಕ್ಕಿದ ಹರಿವಾಣವನ್ನು ಬಾಣಲೆಯ ಮೇಲೆ ಬೋರಲು ಹಾಕಿದೆ. ಕೈಗೆ ಸಿಕ್ಕಿದ ಬಟ್ಟೆಯನ್ನು ಎಳೆದೆ. ಬಟ್ಟೆ ಬೆಡ್‌ಶೀಟಾಗಿತ್ತು. ಕಲ್ಲುಗಳು ದಡದಡ ಉದುರಿದವು. ವಿಡಿಯೋದಲ್ಲಿ ನೋಡಿದ ಹಾಗೆಯೇ ಎರಡನ್ನೂ ಒತ್ತಿ ಹಿಡಿದು, ಮಾದಪ್ಪನನ್ನು ನೆನೆದು, ತಲೆಕೆಳಗು ಮಾಡಿದೆ.

ಮೂವತ್ತು ಮೊಟ್ಟೆಯ ಭಾರ! ಅರ್ಧ ಆಮ್ಲೆಟ್ ಬಾಣಲೆಯ ತಳಕ್ಕೇ ಅಂಟಿಕೊಂಡು ನಾನು ಬರುವುದಿಲ್ಲ ಎಂದಿತು. ಕಾಲು ಭಾಗ ಹರಿವಾಣಕ್ಕೆ ಬಂದು ಕುಂಕುಮ ಮೆತ್ತಿಕೊಂಡು ಮುತ್ತೈದೆಯ ಹಾಗೆ ಕೂತಿತು. ಉಳಿದ ಹಸಿ ಮೊಟ್ಟೆ ಗಾಡಿಯ ಅಂಚಿನಿಂದ ಇಳಿದು, ಕೆಂಪು ಅಕ್ಷರಗಳ ಮೇಲೆ ಹಳದಿಯಾಗಿ ಹರಿದು, ನವಿಲಿನ ಬಾಲದಿಂದ ತೊಟ್ಟಿಕ್ಕಿತು. ಪುಟ್ಟತಾಯಮ್ಮ, ಆರತಿಯ ಹರಿವಾಣಕ್ಕೆ ಮೊಟ್ಟೆ ಮುಟ್ಟಿಸಿದ ಪಾಪಿಯನ್ನು ಬಾಯಿಗೆ ಸೆರಗಿಟ್ಟುಕೊಂಡು ನೋಡಿದರು. ಆ ಹರಿವಾಣವನ್ನು ಅವರು ಈವರೆಗೂ ವಾಪಸ್ಸು ತೆಗೆದುಕೊಂಡಿಲ್ಲ.

ಬೀಗಿತ್ತಿ ಹತ್ತಿರ ಬಂದು ಬೋರ್ಡನ್ನು ಒಂದೊಂದೇ ಅಕ್ಷರವಾಗಿ ಓದಿದರು.

"ಚೆಂದಾಗೇ ಅದಲ್ಲ," ಎಂದರು. "ಇದ್ಯಾಕೆ ಮುಚ್ಚಿದ್ರಿ? ನಮ್ಮತ್ತೆನೂವೆ ಸಂತೇಲಿ ಬೋಂಡ ಬೇಯಿಸ್ಕಂಡೇ ನಮ್ಮನೆಯವ್ರನ್ನ ಓದ್ಸಿದ್ರು ಕಣಪ್ಪ."

ಇಷ್ಟು ವರ್ಷ ಯಾರ ಬಾಯಲ್ಲಿ ಕೇಳಬೇಕೆಂದು ಕಾದಿದ್ದೆನೋ ಆ ಮಾತು ಯಾರದೋ ಬಾಯಲ್ಲಿ ಬಂತು. ಆದರೂ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಮುಚ್ಚಿಡಲು ಇನ್ನೇನು ಉಳಿದಿದೆ? ಹರಿವಾಣದಲ್ಲಿ ಕುಂಕುಮ ತಾಗದ, ಕರಕಲಾಗದ, ಬೆರಳಗಲದ ಒಂದು ಒಳ್ಳೆಯ ಚೂರಿತ್ತು. ವಿಡಿಯೋದಲ್ಲಿದ್ದ ಹಾಗೆಯೇ, ಪದರ ಪದರವಾಗಿ, ಬಂಗಾರದ ಬಣ್ಣ. ಅದನ್ನು ಕತ್ತರಿಸಿ ಸಣ್ಣ ಸ್ಟೀಲ್ ತಟ್ಟೆಗೆ ಹಾಕಿಕೊಂಡೆ. ಅಡುಗೆಮನೆಯ ಹೊಸಿಲನ್ನು ದಾಟುವಂತಿರಲಿಲ್ಲ. ಬಿಳಿ ಪಂಚೆಯಲ್ಲಿ, ಒಂದು ಕೈಯಲ್ಲಿ ತಟ್ಟೆ ಎತ್ತಿ ಹಿಡಿದು, ಗಾಡಿಯ ಅಡಿಯಲ್ಲಿ ಮೊಣಕಾಲೂರಿ ತೆವಳಿ ಬೀದಿಗೆ ಬಂದೆ. ತಲೆಯ ಮೇಲೆ ಹಸಿ ಮೊಟ್ಟೆ ತೊಟ್ಟಿಕ್ಕಿತು. ಎದ್ದು ಮಗಳ ಮುಂದೆ ನಿಂತೆ.

"ಒಂದು ಚೂರು ಕಣವ್ವ," ಎಂದೆ. "ಸ್ಪೇನಿಂದು."

ಸ್ಪೇನ್ ಎಂದೊಡನೆ ಅವಳು ಕಣ್ಣೆತ್ತಿದಳು. ಎಲ್ಲಿ, ಯಾವಾಗ, ಹೇಗೆ ಎಂದು ಅವಳ ತಲೆಯಲ್ಲಿ ಲೆಕ್ಕ ಓಡಿದ್ದು ನನಗೆ ಕಾಣಿಸಿತು. ಬೀಗಿತ್ತಿ, ತಿನ್ನು ಕಣಮ್ಮಿ, ಅಪ್ಪ ಆಸೆಯಿಂದ ಕೊಡುತ್ತಿದ್ದಾರೆ ಎಂದರು. ನಂಜುಂಡ ತನ್ನ ಡಬಲ್ ಅಗಿಯುತ್ತಾ, ಚಿಕ್ಕವಳಿದ್ದಾಗ ಇವಳು ಅಪ್ಪನ ಕೈಯಿಂದಲೇ ತಿನ್ನುತ್ತಿದ್ದದ್ದನ್ನು ಬೀದಿಗೆಲ್ಲ ಹೇಳಿದ.

"ನಾನು ಮೊಟ್ಟೆ ತಿನ್ನಲ್ಲ. ನಿಂಗೆ ಗೊತ್ತಲ್ಲಪ್ಪ," ಎಂದಳು ಪವಿತ್ರ.

ಅಳಿಯ ಕುಮಾರ ಬಗ್ಗಿ ತನ್ನ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಪಟ್ಟಿ ಸರಿಯಾಗೇ ಇತ್ತು.

ನನ್ನ ಜೇಬಿನಲ್ಲಿ ಫೋನ್ ಇತ್ತು. ಫೋನಿನಲ್ಲಿ ಫೋಟೋ ಇತ್ತು. ಬಿಳಿ ತಟ್ಟೆ, ಹಳದಿ ತುಂಡು, ಮೈ ಫೇವರಿಟ್. ತೆಗೆದು ತೋರಿಸಲು ಒಂದು ಡಬಲ್ ಮಗುಚುವಷ್ಟು ಹೊತ್ತು ಸಾಕು. ಕೈ ಜೇಬಿನ ತನಕ ಹೋಯಿತು. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಎಂದೂ ನನ್ನ ಮಾತು ಕೇಳದ ಕೈ, ಅದೊಂದು ಸಲ ಕೇಳಿತು.

"ಹೌದಲ್ಲ," ಎಂದೆ. "ನಾನು ಮರ್ತೇಬುಟ್ಟಿದ್ದೆ."

ತಟ್ಟೆ ಹಿಡಿದುಕೊಂಡು ಎಷ್ಟು ಹೊತ್ತು ನಿಲ್ಲುವುದು? ನಂಜುಂಡನಿಗೆ ಕೊಟ್ಟೆ. ಅವನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಎಲ್ಲರೂ ಕಾಯುತ್ತಿರುವುದನ್ನು ಕಂಡು ಗಂಭೀರವಾಗಿ ತೀರ್ಪು ಕೊಟ್ಟ.

"ಅಣ್ಣ, ಉಪ್ಪೇ ಇಲ್ಲ ಕಣಣ್ಣ."

ಚಾಮರಾಜನಗರಕ್ಕೆ ಹೋಗಿ ಬರುವಷ್ಟು ಮೊಟ್ಟೆ ಒಡೆದವನು ಉಪ್ಪು ಹಾಕಿರಲಿಲ್ಲ! ಗಾಡಿಯಲ್ಲಿ ಮೊಟ್ಟೆ ಕಲಸುವ ಲೋಟ ಲೋಟಕ್ಕೂ ಚಿಟಿಕೆ ಉಪ್ಪು ತಾನಾಗಿ ಬೀಳುತ್ತದೆ, ಬಕೆಟ್ಟಿಗೆ ಬೀಳಲಿಲ್ಲ. ಶನಿವಾರ ನಾನು ಗಿರಾಕಿಗಳ ಕಡೆ ತಿರುಗಿದಾಗ ಆ ಸ್ಪೇನಿನ ಹೆಂಗಸು ಹಾಕಿದ್ದು ಅದನ್ನೇ ಇರಬೇಕು. ಮಗಳು ತಿನ್ನದಿದ್ದದ್ದೇ ಒಳ್ಳೆಯದಾಯಿತು ಎಂದು ಮಹದೇವಮ್ಮ ಆಮೇಲೆ ಹೇಳಿದಳು. ಸಮಾಧಾನಕ್ಕೆ ಹೇಳಿದಳೋ ಏನೋ, ನಾನು ಕೇಳಲಿಲ್ಲ.

ಊಟ ನಡೆಯಿತು. ಉಪ್ಸಾರು ಚೆನ್ನಾಗಿತ್ತಂತೆ. ನಾನು ಎರಡನೇ ಪಂಕ್ತಿಗೆ ಕೂತೆ, ಇನ್ನೊಂದು ಸ್ನಾನ ಮಾಡಿ. ಊಟವಾದ ಮೇಲೆ ನಂಜುಂಡ, ಕುಮಾರ ಇಬ್ಬರೂ ಸೇರಿ ಹಲಗೆ ಕಿತ್ತು ಗಾಡಿಯನ್ನು ಬೀದಿಗೆ ತಳ್ಳಿದರು. ಆಗ ಕುಮಾರ ಮೆಲ್ಲಗೆ, "ಮಾವ, ನಂಗೊಂದು ಮಾಮೂಲಿದು ಹಾಕ್ಕೊಡಿ, ಖಾರ ಮುಂದಾಗಿ," ಎಂದ. ಹಾಕಿಕೊಟ್ಟೆ. ಗಾಡಿಗೆ ಒರಗಿ ನಿಂತು ಪೂರ್ತಿ ತಿಂದ. ಒಳ್ಳೆಯ ಹುಡುಗ. ಆದರೆ ಅವನು ತಿಂದರೆ ನನ್ನ ಲೆಕ್ಕ ಚುಕ್ತಾ ಆಗುವುದಿಲ್ಲ.

ನಾಲ್ಕು ಗಂಟೆಯ ಬಸ್ಸಿಗೆ ಹತ್ತಿಸಲು ಹೋದೆ. ಪವಿತ್ರ ಕಿಟಕಿಯ ಪಕ್ಕ ಕೂತಳು. ಏನೋ ಹೇಳುತ್ತಾಳೆ ಎಂದು ಕಿಟಕಿಯ ಕೆಳಗೇ ನಿಂತಿದ್ದೆ. "ಅಪ್ಪ, ತಲೇಲಿ ಮೊಟ್ಟೆ ಅಂಟಿದೆ, ಒರಸ್ಕೊ," ಎಂದಳು. ಮತ್ತೆ ಸ್ನಾನ ಮಾಡಿದರೂ ಹೋಗಿರಲಿಲ್ಲ. ಬಸ್ಸು ತೆರಕಣಾಂಬಿ ಕಡೆಗೆ ಹೊರಟಿತು.

ಮಾರನೇ ದಿನದಿಂದ ಅವಳ ಸ್ಟೇಟಸ್ ನನಗೆ ಕಾಣುವುದಿಲ್ಲ. ನೆಟ್ ಇಲ್ಲವೇನೋ ಎಂದು ಮೊಬೈಲ್ ಅಂಗಡಿಯವನಿಗೆ ತೋರಿಸಿದೆ. ಫೋನ್ ಸರಿಯಾಗಿದೆ ಅಣ್ಣ ಎಂದ. ಮಹದೇವಮ್ಮನ ಫೋನಿನಲ್ಲಿ ಕಾಣುತ್ತದೆ. ಉಳಿಸಿಕೊಂಡಿದ್ದ ಫೋಟೋವನ್ನು ಅಳಿಸಿಬಿಟ್ಟೆ. ಅಳಿಸುವುದು ಹೇಗೆಂದು ಮಾತ್ರ ಯಾರನ್ನೂ ಕೇಳದೆ ನಾನೇ ಕಲಿತೆ.

ಈಗ ನನ್ನ ಬಳಿ ಇರುವುದು ಇಷ್ಟು. ಗಾಡಿ ಒಂದು, ಹಲಗೆ ಇಲ್ಲದ್ದು. ಒಲೆ ಎರಡು. ಕಾವಲಿ ಒಂದು. ತಳ ಹತ್ತಿದ ಜಿಲೇಬಿ ಬಾಣಲೆ ಒಂದು. ಸ್ನೇಹಿತ ಬೇಡ ಎಂದ. ಹಿತ್ತಾಳೆ ಹರಿವಾಣ ಒಂದು. ಆಲಿವ್ ಎಣ್ಣೆ ಒಂದೂವರೆ ಬಾಟಲಿ. ಮಹದೇವಮ್ಮ ಮಂಡಿಗೆ ಹಚ್ಚುತ್ತಾಳೆ. ಬಿಟ್ಟಿ ಸಿಕ್ಕ ನಿಪ್ಪಲ್ ಒಂದು. ಹೆಂಡತಿ ಒಬ್ಬಳು. ಮಗಳು ಒಬ್ಬಳು. ಮೊಟ್ಟೆ ತಿನ್ನುವುದಿಲ್ಲ.